ಅಳದ ಕೂಸು, ಕೇಳದ ಕೂಲಿ

"ಕೂಸಿಗೇನು ತಿಳಿಯುತ್ತದೆ?" ಈ ಮಾತು ನಮ್ಮ ಭಾಗದಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಹಸಿದರೆ ಅಳುತ್ತದೆ, ಹೊಟ್ಟೆ ತುಂಬಿದರೆ ಮಲಗುತ್ತದೆ. ಇದರಾಚೆಗೆ ಅದಕ್ಕೆ ಮನಸ್ಸೆಂಬುದಿಲ್ಲವೆಂದು ನಂಬಿದವರೇ ಹೆಚ್ಚು. ಒಂದು ಕಾಲಕ್ಕೆ ಇದೇ ಮಾತನ್ನು ಮಾಲಕರು ಕೂಲಿಕಾರನ ವಿಷಯವಾಗಿ ಆಡುತ್ತಿದ್ದರು. ಹೊಟ್ಟೆಗೆ ಹಾಕಿದರೆ ದುಡಿಯುತ್ತಾನೆ, ಹಾಕದಿದ್ದರೆ ಗೊಣಗುತ್ತಾನೆ, ಅವನಿಗೇನು ತಿಳಿಯುತ್ತದೆ ಎನ್ನುತ್ತಿದ್ದರು. ಕೂಲಿಕಾರರು ಸಂಘ ಕಟ್ಟಿ ಆ ಸುಳ್ಳನ್ನು ಮುರಿದರು. ಕೂಸು ಸಂಘ ಕಟ್ಟಲಾರದು. ಅದರ ಪರವಾಗಿ ಮಾತನಾಡುವ ಹೊಣೆ ನಮ್ಮದು.

ಪಗಾರ, ಬೋನಸ್ಸು, ಗುತ್ತಿಗೆ ಪದ್ಧತಿ, ತೊಗರಿಯ ಧಾರಣೆ ಇವುಗಳ ಬಗ್ಗೆ ಬರೆಯುವ ಪತ್ರಿಕೆ ತೊಟ್ಟಿಲ ಹತ್ತಿರ ಏಕೆ ಬಂದಿತೆಂದು ಕೆಲವು ಸಂಗಾತಿಗಳು ಕೇಳಬಹುದು. ಇದು ಹೆಂಗಸರ ವಿಷಯವೆಂದು ನಗಲೂಬಹುದು. ನಗುವವರು ಕೊನೆಯವರೆಗೆ ಓದಿ ಆಮೇಲೆ ನಗಲಿ ಎಂದಷ್ಟೇ ನಮ್ಮ ವಿನಂತಿ.

ಶಹಾಬಾದದ ಹೊರಗೆ ಫರಸಿಕಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಅಂಗಳಕ್ಕೆ ನಾವು ಹೋಗಿದ್ದೆವು. ಯಾರ ಅಂಗಳವೆಂಬುದು ಇಲ್ಲಿ ಮುಖ್ಯವಲ್ಲ, ಅಂಥವು ನೂರಿವೆ. ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿತ್ತು. ಅದರೊಳಗೆ ಏಳು ತಿಂಗಳ ಹೆಣ್ಣುಕೂಸು. ಹತ್ತು ಮಾರು ದೂರದಲ್ಲಿ ಕಲ್ಲು ಕೊಯ್ಯುವ ಯಂತ್ರದ ಕರ್ಕಶ ಸದ್ದು, ಸುತ್ತಲೂ ಬಿಳಿಯ ಕೆಸರು. ಎರಡು ತಾಸು ನಾವಲ್ಲಿದ್ದೆವು. ಕೂಸು ಎಚ್ಚರವಾಗಿಯೇ ಇತ್ತು, ಆದರೆ ಒಮ್ಮೆಯೂ ಅಳಲಿಲ್ಲ. ಬಾಗಿ ಮಾತನಾಡಿಸಿದರೆ ನಮ್ಮ ಮುಖವನ್ನೊಮ್ಮೆ ನೋಡಿ ಕಣ್ಣನ್ನು ಬೇರೆಡೆಗೆ ಹೊರಳಿಸಿತು. "ಭಾಳ ಶಾಣ್ಯಾ ಕೂಸರೀ, ಅಳಂಗೇ ಇಲ್ಲ" ಎಂದ ಮೇಸ್ತ್ರಿ. ಅಷ್ಟರಲ್ಲಿ ತಾಯಿ ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಮೊದಲ ಭಾಳ ಅಳತಿತ್ರೀ ಅಣ್ಣಾ. ಈಗ ಬಿಟ್ಟದ" ಎಂದಳು.

ಈಗ ಬಿಟ್ಟದ! ಆ ಎರಡು ಮಾತು ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ. ಕೇಳಿ ಕೇಳಿ ಸಿಗದಿದ್ದಾಗ ಕೇಳುವುದನ್ನೇ ಬಿಟ್ಟ ಕೂಲಿಕಾರನನ್ನು ಮಾಲಕ "ಒಳ್ಳೆಯ ಆಳು" ಎನ್ನುತ್ತಾನೆ. ಅತ್ತು ಅತ್ತು ಯಾರೂ ಬಾರದಿದ್ದಾಗ ಅಳುವುದನ್ನೇ ಬಿಟ್ಟ ಕೂಸನ್ನು ನಾವು "ಶಾಣ್ಯಾ ಕೂಸು" ಎನ್ನುತ್ತೇವೆ. ಆ ಕೂಸಿಗೆ ಏನಾಗಿದೆಯೆಂದು ಹೇಳಲು ನಾವು ವೈದ್ಯರಲ್ಲ. ಸ್ವಭಾವದಿಂದಲೇ ಶಾಂತವಾದ ಕೂಸುಗಳು ಬೇಕಾದಷ್ಟಿವೆ. ಕರೆದರೆ ಕಣ್ಣರಳಿಸಿ ನಗುವ ಶಾಂತ ಕೂಸಿನ ತಾಯಿ ಇದನ್ನೋದಿ ಗಾಬರಿಪಡಬೇಕಾಗಿಲ್ಲ. ಆದರೆ ಕರೆದರೂ ತಿರುಗದ, ಮುಖ ನೋಡಿ ನಗದ ಮೌನ ಬೇರೆ. ಅದನ್ನು ಯಾರಾದರೂ ಗಮನಿಸಬೇಕು.

ಕೂಸಿನ ಮನಸ್ಸು ಎಂಬುದಿದೆ

1970ರ ದಶಕದಲ್ಲಿ ಅಮೇರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗ ಮಾಡಿದರು. ತಾಯಿಯೊಬ್ಬಳು ತನ್ನ ಕೂಸಿನೊಡನೆ ಎಂದಿನಂತೆ ನಕ್ಕು ಮಾತನಾಡಬೇಕು. ಬಳಿಕ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ಎದುರಿಗೆ ಕುಳಿತಿರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ತನಗೆ ಗೊತ್ತಿರುವ ಉಪಾಯಗಳನ್ನೆಲ್ಲ ಮಾಡಿ ತಾಯಿಯನ್ನು ಮರಳಿ ಕರೆಯಲು ಹೆಣಗುತ್ತದೆ. ಫಲ ಕಾಣದಾಗ ಮುಖ ತಿರುಗಿಸುತ್ತದೆ, ಕುಗ್ಗುತ್ತದೆ. ತಾಯಿ ಮತ್ತೆ ನಕ್ಕೊಡನೆ ಚೇತರಿಸಿಕೊಳ್ಳುತ್ತದೆ. ಕೆಲವು ನಿಮಿಷದ ಮೌನದಿಂದ ಯಾವ ಕೂಸೂ ಕೆಡುವುದಿಲ್ಲ. ಆದರೆ ದಿನವಿಡೀ, ತಿಂಗಳುಗಟ್ಟಲೆ ಕೂಸಿನ ಕರೆಗೆ ಓಗೊಡುವ ಮುಖವೇ ಇಲ್ಲದಿದ್ದರೆ ಏನಾಗಬಹುದೆಂದು ಓದುಗರೇ ವಿಚಾರಿಸಲಿ.

ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಯಿಂದ ಗುರುತಿಸುತ್ತದೆ. ಅದರ ಕಣ್ಣಿಗೆ ಮೊದಲು ಚೆನ್ನಾಗಿ ಕಾಣುವುದು ಸುಮಾರು ಒಂದು ಗೇಣಿನ ದೂರ. ಮೊಲೆಯುಣ್ಣುವಾಗ ತಾಯಿಯ ಮುಖವಿರುವುದು ಅಷ್ಟೇ ದೂರದಲ್ಲಿ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗುತ್ತದೆ. ಆಟದ ನಡುವೆ ಮುಖ ತಿರುಗಿಸಿದರೆ "ನನಗೆ ಸ್ವಲ್ಪ ಸಾಕು" ಎಂದರ್ಥ. ನಿಮ್ಮ ಮೇಲೆ ಸಿಟ್ಟಲ್ಲ. ಮೊದಲ ಆರು ವಾರ ಅಳು ಏರುತ್ತ ಹೋಗಿ ಮೂರು ನಾಲ್ಕು ತಿಂಗಳಲ್ಲಿ ತಾನೇ ಇಳಿಯುವುದು ಬಹಳ ಕೂಸುಗಳಲ್ಲಿ ಕಾಣುವ ಸಂಗತಿ. ಅದು ತಾಯಿಯ ತಪ್ಪೂ ಅಲ್ಲ, ಕೂಸಿನ ಕೇಡೂ ಅಲ್ಲ. ಎಂಟು ಒಂಬತ್ತು ತಿಂಗಳಿಗೆ ಅವ್ವ ಬಾಗಿಲ ಮರೆಯಾದೊಡನೆ ಚೀರುತ್ತದೆ. ಇದನ್ನು ನಾವು ಹಟವೆನ್ನುತ್ತೇವೆ. ಹಟ ಮಾಡುವಷ್ಟು ಲೆಕ್ಕಾಚಾರ ಆ ವಯಸ್ಸಿಗಿಲ್ಲ. ತನ್ನ ಅವ್ವ ತನ್ನಿಂದ ಬೇರೆಯಾದ ಜೀವ, ಅವಳು ಹೋಗಬಹುದು ಎಂಬ ಅರಿವು ಅದಕ್ಕೆ ಆಗ ಮೂಡಿರುತ್ತದೆ. ಅಂಥ ಹೊತ್ತಿನಲ್ಲಿ ಎತ್ತಿಕೊಂಡರೆ ಕೂಸು ಕೆಡುವುದಿಲ್ಲ, ಧೈರ್ಯ ಕಲಿಯುತ್ತದೆ.

ಇದೆಲ್ಲ ಪರದೇಶದ ಹೊಸ ವಿದ್ಯೆಯೇನಲ್ಲ. ನಮ್ಮ ಆಯಿಗಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಏನೆನ್ನುತ್ತಿದ್ದರು? "ಯಾಕ ನನ್ನವ್ವಾ, ನೀರು ಬಿಸಿ ಆಯ್ತೇನು? ಅಪ್ಪ ಬರಲಿಲ್ಲಂತ ಸಿಟ್ಟು ಬಂತೇನು?" ಕೂಸಿನ ಮನಸ್ಸಿನೊಳಗೆ ಹೊಕ್ಕು, ಅದರ ಪರವಾಗಿ ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳುತ್ತಿದ್ದರು. ಈ ಕೂಸಿಗೆ ಈಗ ಏನನ್ನಿಸುತ್ತಿರಬಹುದೆಂದು ಊಹಿಸುವ ಅಭ್ಯಾಸ ಅದು. ಇಂದು ದೊಡ್ಡ ದೊಡ್ಡ ಆಸ್ಪತ್ರೆಗಳ ತಜ್ಞರು ಕಲಿಸುತ್ತಿರುವುದೂ ಇದನ್ನೇ. ಹಾಗಾದರೆ ಆ ವಿದ್ಯೆ ನಮ್ಮ ಮನೆಗಳಿಂದ ಎಲ್ಲಿ ಹೋಯಿತು?

ಕದ್ದವರು ಯಾರು?

ಆಯಿ ತೊಗರಿ ಹಸನು ಮಾಡುವ ಕೂಲಿಗೆ ಹೋದಳು. ಅವ್ವ ದಾಲ್ ಮಿಲ್ಲಿಗೆ ಹೋದಳು. ಅಪ್ಪ ವಾಡಿಯಲ್ಲೋ ಸೇಡಂನಲ್ಲೋ ಸಿಮೆಂಟ್ ಕಾರಖಾನೆಯ ಗುತ್ತೇದಾರನ ಕೈಕೆಳಗೆ ರಾತ್ರಿಪಾಳಿಗೆ ಹೋದ. ಬೆಳಗಿನ ಏಳಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ತಾಯಿ, ಬಂದೊಡನೆ ನೀರು ತರಬೇಕು, ರೊಟ್ಟಿ ಬಡಿಯಬೇಕು, ಪಾತ್ರೆ ತೊಳೆಯಬೇಕು. ಕೂಸಿನ ಮುಖವನ್ನು ಒಂದು ಗೇಣಿನ ದೂರದಿಂದ ನೋಡಲು ಅವಳಿಗೆ ಉಳಿಯುವುದು ಎಷ್ಟು ಹೊತ್ತು? ರಾತ್ರಿಪಾಳಿ ಮುಗಿಸಿ ಹಗಲು ಮಲಗಿದ ತಂದೆಗೆ ಕೂಸಿನ ಅಳು ನಿದ್ದೆಗೆಡಿಸುವ ಸದ್ದಾಗಿ ಕೇಳದೆ ಮಾತಾಗಿ ಕೇಳುವುದಾದರೂ ಹೇಗೆ?

ಚಿಂಚೋಳಿ, ಸೇಡಂ ತಾಂಡಾಗಳ ಕಥೆ ಇನ್ನೂ ಕಠಿಣ. ಹೊಲದ ಕೆಲಸ ಮುಗಿದೊಡನೆ ಹೈದರಾಬಾದು, ಮುಂಬಯಿ, ಪುಣೆಗಳಿಗೆ ಗುಳೆ. ಕೂಸನ್ನು ಒಯ್ದರೆ ಕಟ್ಟಡದ ಮರಳಿನ ಮೇಲೆ ಬೆಳೆಯಬೇಕು. ಬಿಟ್ಟು ಹೋದರೆ ಕಣ್ಣು ಕಾಣದ ಅಜ್ಜಿಯ ಹತ್ತಿರ ಬೆಳೆಯಬೇಕು. 2002ರಲ್ಲಿ ನಂಜುಂಡಪ್ಪ ಸಮಿತಿ ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನು ಅತಿ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಬರೆಯಿತು. ರಸ್ತೆ, ನೀರು, ಶಾಲೆಗಳ ಲೆಕ್ಕ ಆಯಿತು. ತಾಯಿಯ ಮಡಿಲಿನಿಂದ ಕಸಿದುಕೊಂಡ ತಾಸುಗಳ ಲೆಕ್ಕವನ್ನು ಯಾವ ಸಮಿತಿ ಬರೆಯಿತು?

ಸುಖವಾಗಿ ಕುಳಿತ ಸಜ್ಜನರು ಇದಕ್ಕೆ ಒಂದೇ ಉತ್ತರ ಕೊಡುತ್ತಾರೆ: "ಈ ಜನ ಅಜ್ಞಾನಿಗಳು, ಮಕ್ಕಳನ್ನು ನೋಡಿಕೊಳ್ಳಲು ಬರುವುದಿಲ್ಲ." ನಾವು ಇದನ್ನು ಪೂರ್ತಿಯಾಗಿ ಅಲ್ಲಗಳೆಯುತ್ತೇವೆ. ಈ ತಾಯಂದಿರಲ್ಲಿ ಪ್ರೀತಿಗೆ ಬರವಿಲ್ಲ. ಬಿಡುವಿಗೆ ಬರವಿದೆ, ನಿದ್ದೆಗೆ ಬರವಿದೆ, ಜೊತೆಗಾತಿಗೆ ಬರವಿದೆ. ಮೂರನ್ನೂ ಕಸಿದುಕೊಂಡ ವ್ಯವಸ್ಥೆಯೇ ಆಮೇಲೆ ಅವಳನ್ನು ಅಜ್ಞಾನಿ ಎಂದು ಕರೆಯುತ್ತದೆ.

ಅಫೀಮು ಅಂದು, ಮೊಬೈಲು ಇಂದು

1920ರ ದಶಕದಲ್ಲಿ ಮುಂಬಯಿಯ ಅರಿವೆ ಗಿರಣಿಗಳ ಹೆಣ್ಣುಮಕ್ಕಳ ಸ್ಥಿತಿಯನ್ನು ವಿಚಾರಿಸಿದ ವೈದ್ಯೆಯೊಬ್ಬರು ಒಂದು ಭಯಂಕರ ಸಂಗತಿಯನ್ನು ಬರೆದಿಟ್ಟರು. ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮು ಕೊಡುವುದು ಅಲ್ಲಿ ಸರ್ವೇಸಾಮಾನ್ಯವಾಗಿತ್ತು. ಅಫೀಮು ತಿಂದ ಕೂಸು ಹಸಿವೆಗೂ ಅಳುವುದಿಲ್ಲ. ತಾಯಿ ಪಾಳಿ ಮುಗಿಸಿ ಬರುವವರೆಗೆ ಮಲಗಿರುತ್ತದೆ. ಆ ತಾಯಂದಿರು ಕಟುಕರಾಗಿದ್ದರೆ? ಇಲ್ಲ. ಗಿರಣಿಯ ಭೋಂಗಾ ಕೂಸಿನ ಅಳುವಿಗಾಗಿ ಕಾಯುತ್ತಿರಲಿಲ್ಲ, ಅಷ್ಟೆ. ಆ ದಶಕದಲ್ಲಿಯೇ ಹೆರಿಗೆ ಸೌಲಭ್ಯಕ್ಕಾಗಿ ಕೂಗೆದ್ದಿತು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಡಾ. ಅಂಬೇಡ್ಕರರು ಆ ಮಸೂದೆಯನ್ನು ಬೆಂಬಲಿಸಿ ಮಾತನಾಡಿದರು, 1929ರಲ್ಲಿ ಕಾಯ್ದೆಯಾಯಿತು. ಆಗ ನಿಜಾಮನ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಆ ಕಾಯ್ದೆಯ ನೆರಳೂ ಬೀಳಲಿಲ್ಲ.

ಇಂದು ಅಫೀಮಿನ ಜಾಗಕ್ಕೆ ಮೊಬೈಲು ಬಂದಿದೆ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ, ಬಾಡಿಗೆ ಕೋಣೆಯ ಮೂಲೆಯಲ್ಲಿ ಕೂಸಿನ ಕೈಗೆ ಮೊಬೈಲು ಕೊಟ್ಟು ಕೆಲಸ ಸಾಗಿಸುತ್ತಿದ್ದೇವೆ. ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿದೆ. ಕಾರಣ ಸರಳ: ಮೊಬೈಲು ನಗುತ್ತದೆ, ಆದರೆ ಕೂಸು ನಕ್ಕಿದ್ದಕ್ಕಾಗಿ ನಗುವುದಿಲ್ಲ. ಹಾಗೆಂದು ಮೊಬೈಲು ಕೊಟ್ಟ ತಾಯಿಯನ್ನು ಬೈಯಲು ನಾವು ಬರೆಯುತ್ತಿಲ್ಲ. ಆ ಹೊತ್ತಿಗೆ ಕೂಸನ್ನು ಎತ್ತಿಕೊಳ್ಳಲು ಬೇರೊಂದು ಕೈ ಏಕಿರಲಿಲ್ಲ ಎಂದು ಕೇಳುತ್ತಿದ್ದೇವೆ.

ಬಡವರ ಕೇರಿಯಲ್ಲಿಯೇ ತೋರಿಸಿದ್ದಾರೆ

"ಕೂಸಿನ ಮನಸ್ಸು ತಿಳಿಯುವುದು ಶ್ರೀಮಂತರ ವೈಭವ, ಹೊಟ್ಟೆಗಿಲ್ಲದವರಿಗೆ ಅದೆಲ್ಲಿ?" ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಇವರಿಗೆ ಮೂರು ಉದಾಹರಣೆ ಕೊಡುತ್ತೇವೆ. ಮೂರೂ ನಮಗಿಂತ ಸುಖವಾಗಿರದ ಜನರ ನಡುವೆ ನಡೆದವು.

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಅಂಚಿನಲ್ಲಿ ಖಯೆಲಿಷಾ ಎಂಬ ದೊಡ್ಡ ಗುಡಿಸಲ ಬಡಾವಣೆಯಿದೆ. ವರ್ಣದ್ವೇಷದ ಸರಕಾರ ಕರಿಯ ಜನರನ್ನು ಊರ ಹೊರಗೆ ತಳ್ಳಿ ಕಟ್ಟಿಸಿದ ಬಡಾವಣೆ ಅದು. ಅಲ್ಲಿ 449 ಬಸುರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಅದೇ ಬಡಾವಣೆಯ ತರಬೇತಿ ಪಡೆದ ಹೆಣ್ಣುಮಕ್ಕಳು, ಬಸುರಿನ ಕೊನೆಯಿಂದ ಕೂಸಿಗೆ ಆರು ತಿಂಗಳಾಗುವವರೆಗೆ ಹೋಗಿಬಂದರು. ಅವರು ಉಪದೇಶ ಮಾಡಲಿಲ್ಲ. ತಾಯಿಯ ಕಷ್ಟ ಕೇಳಿದರು. ಜೊತೆಗೆ ಕುಳಿತು "ನೋಡು, ನಿನ್ನ ದನಿಗೆ ಹೇಗೆ ತಿರುಗುತ್ತದೆ" ಎಂಬಂತೆ ಅವಳ ಕೂಸನ್ನೇ ಅವಳಿಗೆ ತೋರಿಸಿಕೊಟ್ಟರು. ಹದಿನೆಂಟು ತಿಂಗಳಾದಾಗ ನೋಡಿದರೆ, ತಾಯಿಯನ್ನು ನೆಚ್ಚಿ ನಿರ್ಭಯವಾಗಿದ್ದ ಮಕ್ಕಳು ಆ ಗುಂಪಿನಲ್ಲಿ ನೂರಕ್ಕೆ 74; ಇನ್ನೊಂದರಲ್ಲಿ 63. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥವರೇ ಆದ ಹೆಣ್ಣುಮಕ್ಕಳಿಗೆ, ಮನಸ್ಸು ಕುಗ್ಗಿದ ಬಸುರಿ ಬಾಣಂತಿಯರೊಡನೆ ಮಾತನಾಡುವ ವಿಧಾನವನ್ನು ಕಲಿಸಿದರು. ಕೂಸಿಗೆ ಆರು ತಿಂಗಳಾದಾಗ, ಅವರು ಭೇಟಿಯಾದ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಮಾಮೂಲಿ ಭೇಟಿಯಷ್ಟೇ ಸಿಕ್ಕವರಲ್ಲಿ 53. ಇದು 2008ರಲ್ಲಿ ಪ್ರಕಟವಾದ ಲೆಕ್ಕ.

ಜಮೈಕದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ, ಬೆಳವಣಿಗೆ ಕುಂಠಿತವಾದ 129 ಮಕ್ಕಳ ನಡುವೆ ಕೆಲಸ ಆರಂಭವಾಯಿತು. ಕೆಲವರ ಮನೆಗೆ ವಾರಕ್ಕೊಂದು ತಾಸು ಆರೋಗ್ಯ ಸಹಾಯಕಿ ಹೋಗಿ, ಮನೆಯ ಸಾಮಾನುಗಳಿಂದಲೇ ಮಾಡಿದ ಆಟಿಕೆಗಳೊಂದಿಗೆ ತಾಯಿ ಮಗು ಆಡುವುದನ್ನು ಕಲಿಸಿದಳು. ಎರಡೇ ವರ್ಷ. ಇಪ್ಪತ್ತು ವರ್ಷದ ಮೇಲೆ ವಿಚಾರಿಸಿದಾಗ ಆ ಮಕ್ಕಳು ಭೇಟಿ ಸಿಗದ ಮಕ್ಕಳಿಗಿಂತ ನೂರಕ್ಕೆ 25ರಷ್ಟು ಹೆಚ್ಚು ದುಡಿಯುತ್ತಿದ್ದರು. ಪಗಾರದ ಮಾತೇ ಬೇಕೆನ್ನುವ ಸಂಗಾತಿಗಳು ಈ ಅಂಕಿಯನ್ನು ಇನ್ನೊಮ್ಮೆ ಓದಲಿ.

ಬಾಣಂತಿಯ ಮನಸ್ಸು

ಕೂಸಿನ ಮನಸ್ಸು ತಿಳಿಯಬೇಕಾದ ತಾಯಿಯ ಮನಸ್ಸೇ ಮುದುಡಿದ್ದರೆ? ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಬಾಣಂತಿಯರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಖಿನ್ನತೆ ಇರುತ್ತದೆ. ಗೋವೆಯಲ್ಲಿ ನಡೆದ ಅಧ್ಯಯನ ಕಾರಣಗಳನ್ನೂ ಹೇಳಿತು: ಬಡತನ, ಗಂಡನೊಡನೆ ಜಗಳ, ಹೆಣ್ಣು ಹುಟ್ಟಿತೆಂಬ ಕೊರಗು. ನಮ್ಮ ಮನೆಗಳಲ್ಲಿ ಇದನ್ನು ಯಾರು ಗುರುತಿಸುತ್ತಾರೆ? "ಸೊಕ್ಕು ಬಂದದ" ಎನ್ನುತ್ತಾರೆ. ಇಲ್ಲವೆ ದೆವ್ವ ಬಡಿದಿದೆಯೆಂದು ತಾಯಿತ ಕಟ್ಟುತ್ತಾರೆ. ಹೆಣ್ಣು ಹೆತ್ತವಳಿಗೆ ಎರಡು ಮಾತು ಹೆಚ್ಚಾಗಿಯೇ ಅನ್ನುತ್ತಾರೆ. ತಾಯಿಯ ನಗು ಆರಿದ ಮನೆಯಲ್ಲಿ ಕೂಸಿಗೆ ಕಲ್ಲಿನ ಮುಖವೇ ಕಾಣುತ್ತದೆ. ಇದರಲ್ಲಿ ಅವಳ ತಪ್ಪಿಲ್ಲ. ಇದು ಔಷಧವಿರುವ ರೋಗ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಕೂಸುಗಳನ್ನು ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಉಪಚರಿಸುವ ವಿಭಾಗ ತೆರೆಯಿತು. ನಮ್ಮ ರಾಜ್ಯಕ್ಕೆ ಅದು ಹೆಮ್ಮೆ. ಆದರೆ ಚಿಂಚೋಳಿಯ ಬಾಣಂತಿಗೆ ಅದು ಒಂದು ರಾತ್ರಿಯ ಪ್ರಯಾಣಕ್ಕಿಂತ ದೂರ. ಬೆಂಗಳೂರಿಗೆ ಸಿಕ್ಕದ್ದು ಕಲಬುರಗಿಗೆ ಸಿಗಬಾರದೆಂದು ಯಾವ ಶಾಸ್ತ್ರದಲ್ಲಿದೆ? ಅಲ್ಲಿಯವರೆಗೆ ಓದುಗರು ಒಂದು ಸಂಖ್ಯೆಯನ್ನಾದರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ: 14416. ಸರಕಾರದ ಟೆಲಿಮಾನಸ್, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಕಾಯ್ದೆ ಎಲ್ಲಿದೆ, ತೊಟ್ಟಿಲು ಎಲ್ಲಿದೆ?

ಕಾಗದದ ಮೇಲೆ ನಮಗೆ ಬಹಳವಿದೆ. 1948ರ ಕಾರಖಾನೆ ಕಾಯ್ದೆ ಕಾರಖಾನೆಯಲ್ಲಿ ಕೂಸುಗಳ ಕೋಣೆ ಇರಬೇಕೆಂದು ವಿಧಿಸಿತು. ಮೊದಲು 50 ಹೆಣ್ಣುಮಕ್ಕಳ ಲೆಕ್ಕವಿದ್ದುದು 1976ರಲ್ಲಿ 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ ಕೊಟ್ಟಿತು. 50 ಜನರಿರುವಲ್ಲಿ ಕೂಸಿನ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. 2025ರ ನವೆಂಬರ್ 21ರಿಂದ ಈ ಕಾಯ್ದೆಗಳೆಲ್ಲ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋದವು. 50ರ ಲೆಕ್ಕ ಮಾತ್ರ ಹಾಗೆಯೇ ನಿಂತಿದೆ.

ಈ 50ರಲ್ಲಿಯೇ ಎಲ್ಲ ಮೋಸವಿದೆ. ಹದಿನೈದು ಹೆಣ್ಣುಮಕ್ಕಳ ದಾಲ್ ಮಿಲ್ಲು ಲೆಕ್ಕಕ್ಕೆ ಬರುವುದಿಲ್ಲ. ಕಲ್ಲಿನ ಖಣಿಯ ಇಪ್ಪತ್ತು ಮಂದಿ ಬರುವುದಿಲ್ಲ. ಗುತ್ತೇದಾರನು ಒಂದೇ ಕೆಲಸವನ್ನು ನಾಲ್ಕು ಹೆಸರುಗಳಲ್ಲಿ ಹಂಚಿದರೆ ನೂರು ಜನರೂ ಲೆಕ್ಕಕ್ಕೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ 26 ವಾರವೆಲ್ಲಿ? ಅಂಥವಳಿಗಾಗಿ ಕೇಂದ್ರ ಸರಕಾರ 2017ರಲ್ಲಿ ಮಾತೃ ವಂದನಾ ಯೋಜನೆ ತಂದಿತು: ಮೊದಲ ಕೂಸಿಗೆ 5000 ರೂಪಾಯಿ. ಓದುಗರಾದ ವ್ಯಾಪಾರಿಗಳು ಲೆಕ್ಕ ಹಾಕಲಿ. 26 ವಾರಕ್ಕೆ 182 ದಿನ; ದಿನಕ್ಕೆ 27 ರೂಪಾಯಿ ಚಿಲ್ಲರೆ. ಇಷ್ಟರಲ್ಲಿ ಬಾಣಂತಿ ಕೂಲಿ ಬಿಟ್ಟು ಕೂಸಿನ ಮುಖ ನೋಡುತ್ತ ಕೂಡಬೇಕಂತೆ. ವಂದನೆ ದೊಡ್ಡದು, ದಕ್ಷಿಣೆ ಸಣ್ಣದು!

1975ರ ಅಕ್ಟೋಬರ್ 2ರಿಂದ ಅಂಗನವಾಡಿ ಯೋಜನೆ ನಡೆದಿದೆ. ಅಂಗನವಾಡಿ ಅಕ್ಕಂದಿರು ಮಾಡುವ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಮೂರು ವರ್ಷ ತುಂಬದ ಕೂಸಿಗೆ ಅಲ್ಲಿಂದ ಆಹಾರದ ಪೊಟ್ಟಣ ಸಿಗುತ್ತದೆ, ದಿನವಿಡೀ ಮಡಿಲು ಸಿಗುವುದಿಲ್ಲ. 2023ರಲ್ಲಿ ರಾಜ್ಯ ಸರಕಾರ 4000 ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ತೆರೆಯುವ ಯೋಜನೆ ಹೂಡಿತು. ಒಳ್ಳೆಯ ಹೆಸರು, ಒಳ್ಳೆಯ ಕೆಲಸ. ಅದು ಉದ್ಯೋಗ ಖಾತರಿಯ ಕೂಲಿಗೆ ಹೋಗುವ ಹಳ್ಳಿಯ ತಾಯಂದಿರಿಗಾಗಿ ಹೂಡಿದ್ದು. ವಾಡಿ, ಶಹಾಬಾದಗಳಂಥ ಊರುಗಳ ಮಿಲ್ಲಿನ ತಾಯಿ ಎಲ್ಲಿ ಹೋಗಬೇಕು? 2024ರಲ್ಲಿ ಕೇಂದ್ರ ಸರಕಾರ "ನವಚೇತನ" ಎಂಬ ಪುಸ್ತಕ ಹೊರಡಿಸಿ, ಹುಟ್ಟಿದಂದಿನಿಂದ ಮೂರು ವರ್ಷದವರೆಗೆ ಕೂಸಿನೊಡನೆ ಆಡಬೇಕಾದ, ಮಾತನಾಡಬೇಕಾದ ಬಗೆಗಳನ್ನು ತಿಂಗಳು ತಿಂಗಳಿಗೂ ಬರೆದುಕೊಟ್ಟಿದೆ. ಇದನ್ನೆಲ್ಲ ಮನೆಮನೆಗೆ ಮುಟ್ಟಿಸಬೇಕಾದವರು ಅದೇ ಅಂಗನವಾಡಿ ಅಕ್ಕಂದಿರು, ಅದೇ ಆಶಾ ಅಕ್ಕಂದಿರು. ಅವರಿಗೆ ಕೊಡುವುದಕ್ಕೆ ಪಗಾರವೆನ್ನದೆ "ಗೌರವಧನ"ವೆನ್ನುತ್ತಾರೆ. ಅದರಲ್ಲಿ ಗೌರವವೂ ಕಾಣದು, ಧನವೂ ಕಾಣದು. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು 2025ರ ಜನವರಿಯ ಚಳಿಯಲ್ಲಿ ಆಶಾ ಅಕ್ಕಂದಿರು ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆಯಬೇಕಾಯಿತು. ತನ್ನ ಕೂಸನ್ನು ಬೀದಿಗೆ ತಂದು ಕೂಡಿಸಿಕೊಂಡವಳು ಇನ್ನೊಬ್ಬರ ಕೂಸಿನ ಮನಸ್ಸನ್ನು ತಿಳಿಸಿಕೊಡಬೇಕೆಂದರೆ ಯಾವ ನ್ಯಾಯ?

ಹಣವಿಲ್ಲವೆಂಬ ಮಾತು

ಹಣವಿಲ್ಲವೆಂದು ಯಾರೂ ಹೇಳಬಾರದು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳ ನೆಲದಿಂದ ಅಗೆದ ಸುಣ್ಣದ ಕಲ್ಲಿನಿಂದ ದೇಶದ ಮಹಲುಗಳು ಏಳುತ್ತಿವೆ. ವಾಡಿಯ ಕಾರಖಾನೆ 2022ರಲ್ಲಿ ಅದಾನಿ ಗುಂಪಿನ ಕೈ ಸೇರಿತು; ಸೇಡಂನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್ ಕೈ ಸೇರಿತು. ಕಾರಖಾನೆಗಳು ಕೈ ಬದಲಿಸಲು ಸಾವಿರಾರು ಕೋಟಿ ರೂಪಾಯಿ ಓಡಾಡುವ ನೆಲವಿದು. ಯಾವ ಒಂದು ಕಂಪನಿಯ ಮೇಲೂ ನಾವಿಲ್ಲಿ ದೂರು ಹೊರಿಸುತ್ತಿಲ್ಲ; ನೆಲದ ಸಂಪತ್ತು ಎಲ್ಲಿಗೆ ಹರಿಯುತ್ತದೆಂದು ತೋರಿಸುತ್ತಿದ್ದೇವೆ. 2015ರ ಕಾನೂನಿನ ಪ್ರಕಾರ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಗಣಿಯಿಂದ ಬಾಧಿತರಾದ ಜನರಿಗಾಗಿಯೇ ಇರುವ ಆ ನಿಧಿಯಲ್ಲಿ ಮಹಿಳೆಯರ, ಮಕ್ಕಳ ಕಲ್ಯಾಣ ಮೊದಲ ಆದ್ಯತೆಯ ಬಾಬುಗಳಲ್ಲೊಂದು. ಅದಲ್ಲದೆ ಕಲ್ಯಾಣ ಕರ್ನಾಟಕ ಮಂಡಳಿಗೆ 5000 ಕೋಟಿ ರೂಪಾಯಿಯೆಂದು 2023ರಿಂದೀಚೆಗೆ ಬಜೆಟ್ಟುಗಳಲ್ಲಿ ಕೇಳುತ್ತಲೇ ಇದ್ದೇವೆ. ಕಮಾನು ಕಟ್ಟಲು, ಸಭಾಭವನ ಕಟ್ಟಲು ಹಣವಿದ್ದರೆ ಹತ್ತು ತೊಟ್ಟಿಲು ತೂಗಲು ಹಣವಿರಲೇಬೇಕು.

1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸದ ಜಾಗದಲ್ಲಿ ಧೂಳಿನಲ್ಲಿ ಬಿದ್ದ ಕೂಲಿಕಾರರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಎಂಬ ಹೆಣ್ಣುಮಗಳು ಅಲ್ಲೇ ಒಂದು ಡೇರೆಯಲ್ಲಿ ಶಿಶುಗೃಹ ತೆರೆದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಒಂದು ಡೇರೆ, ಎರಡು ಕೈ, ಒಂದು ನಿರ್ಧಾರ. ಅಷ್ಟನ್ನು ನಮ್ಮ ಜಿಲ್ಲಾಡಳಿತ ಮಾಡಲಾರದೆ?

ನಮ್ಮ ಬೇಡಿಕೆಗಳು ಇವು.

ಒಂದು: 50ರ ಲೆಕ್ಕ ಬಿಟ್ಟು ಪ್ರದೇಶದ ಲೆಕ್ಕ ಹಿಡಿಯಬೇಕು. ದಾಲ್ ಮಿಲ್ಲುಗಳ ಸಾಲಿಗೊಂದು, ಖಣಿಗಳ ಗುಂಪಿಗೊಂದು, ಬಜಾರಕ್ಕೊಂದು ಕೂಸಿನ ಮನೆ ತೆರೆಯಬೇಕು. ಪಾಳಿಯ ಹೊತ್ತಿಗೆ ಅದು ತೆರೆದಿರಬೇಕು. ಖರ್ಚಿಗೆ ಖನಿಜ ನಿಧಿಯಿದೆ.

ಎರಡು: ಗುತ್ತಿಗೆಯ ಹೆಣ್ಣುಮಗಳ ಹೆರಿಗೆ ಸಂಬಳಕ್ಕೆ ಮೂಲ ಮಾಲಕನೇ ಹೊಣೆಯಾಗಬೇಕು.

ಮೂರು: ಆಶಾ, ಅಂಗನವಾಡಿ ಅಕ್ಕಂದಿರಿಗೆ ಪಗಾರ ಕೊಡಬೇಕು, ಬಾಣಂತಿಯ ಮನಸ್ಸು ಕೂಸಿನ ಮನಸ್ಸು ಎರಡನ್ನೂ ತಿಳಿಯುವ ತರಬೇತಿ ಕೊಡಬೇಕು. ಕೂಸಿಗೆ 3, 6, 9, 12, 15 ತಿಂಗಳಾದಾಗ ಆಶಾ ಅಕ್ಕ ಮನೆಗೆ ಬರಬೇಕೆಂಬ ನಿಯಮ 2018ರಿಂದ ಇದೆ. ಆ ಭೇಟಿ ತೂಕ ನೋಡಿ ಸಹಿ ಹಾಕುವಷ್ಟಕ್ಕೆ ಮುಗಿಯಬಾರದು. ಕುಳಿತು ಮಾತನಾಡುವಷ್ಟು ಹೊತ್ತು ಆಕೆಗಿರಬೇಕು.

ನಾಲ್ಕು: ಕಲಬುರಗಿಯ ಸರಕಾರಿ ಆಸ್ಪತ್ರೆಯಲ್ಲಿ ತಾಯಿ ಕೂಸುಗಳ ಮನೋಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಬೇಕು.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ಇದು ಕೂಲಿಕಾರರ ಗೋಳು, ನಮಗೇನು ಎನ್ನಬೇಡಿರಿ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ಕೂಡುವ ನಿಮ್ಮ ಮನೆಯಾಕೆಯ ಕೂಸೂ ಗಲ್ಲೆಯ ಕೆಳಗೇ ಬೆಳೆಯುತ್ತಿದೆ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಬಜಾರದ ಕೂಸಿನ ಮನೆ ನಿಮ್ಮದೂ ಹೌದು.

ಗಂಡಸರಿಗೂ ಒಂದು ಮಾತು. ಸರಕಾರ ಕೊಡುವವರೆಗೆ ಕಾಯಬೇಕಾದ್ದು ಬಹಳವಿದೆ. ಇಂದು ಸಂಜೆಯೇ ಮಾಡಬಹುದಾದದ್ದೂ ಇದೆ. ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಕಾಲು ತಾಸು ಕೂಸನ್ನು ಎತ್ತಿಕೊಳ್ಳಿರಿ. ಮೊಬೈಲನ್ನು ಗೂಡಿನಲ್ಲಿಡಿರಿ. ಒಂದು ಗೇಣಿನ ದೂರದಿಂದ ಅದರ ಮುಖ ನೋಡಿರಿ. ಅದು ಸದ್ದು ಮಾಡಿದರೆ ನೀವೂ ಸದ್ದು ಮಾಡಿರಿ, ಮತ್ತೆ ಅದರ ಸರತಿಗಾಗಿ ಕಾಯಿರಿ. ಅತ್ತರೆ ಬೈಯುವ ಮೊದಲು ನಿಮ್ಮ ಆಯಿಯಂತೆ ಕೇಳಿರಿ: ಹಸಿವೆಯೆ, ನಿದ್ದೆಯೆ, ಸೆಕೆಯೆ, ಒಂಟಿ ಅನ್ನಿಸಿತೆ? ಎಷ್ಟು ಮಾಡಿದರೂ ಅಳು ನಿಲ್ಲದೆ ತಲೆ ಕೆಟ್ಟರೆ ಕೂಸನ್ನು ಎಂದಿಗೂ ಅಲುಗಾಡಿಸಬೇಡಿರಿ. ಅದರಿಂದ ಮಿದುಳಿಗೆ ಪೆಟ್ಟಾಗುತ್ತದೆ. ತೊಟ್ಟಿಲಲ್ಲಿ ಮಲಗಿಸಿ ನೆರೆಯವರನ್ನು ಕರೆಯಿರಿ, ಎರಡು ನಿಮಿಷ ಹೊರಗೆ ನಿಂತು ಬನ್ನಿರಿ. ನೀವು ಎತ್ತಿಕೊಂಡ ಆ ಕಾಲು ತಾಸಿನಲ್ಲಿ ಅವಳ ಮನಸ್ಸೂ ಉಸಿರಾಡುತ್ತದೆ ಎಂಬುದನ್ನು ಮರೆಯಬೇಡಿರಿ.

ಸಂಘದ ಸಭೆಗಳಲ್ಲಿ ಪಗಾರದ ಠರಾವಿನ ಕೆಳಗೆ ಕೂಸಿನ ಮನೆಯ ಠರಾವೂ ಬರಲಿ. ಶಹಾಬಾದದ ಆ ಜೋಳಿಗೆಯ ಕೂಸು ಮತ್ತೆ ಅಳಬೇಕು, ಜೋರಾಗಿ ಅಳಬೇಕು. ಅತ್ತರೆ ಯಾರೋ ಬರುತ್ತಾರೆಂಬ ನಂಬಿಗೆ ಅದಕ್ಕೆ ಮರಳಿ ಬರಬೇಕು. ಅಳದ ಕೂಸಿಗೆ ಹೆತ್ತವ್ವನೂ ಹಾಲು ಕೊಡಳೆಂಬ ಮಾತನ್ನು ಸರಕಾರ ಬಲ್ಲದು, ಮಾಲಕರೂ ಬಲ್ಲರು. ಕೂಸಿನ ಪರವಾಗಿ ಈಗ ನಾವು ಕೂಗಬೇಕು.